ರೊಟ್ಟಿ ನೋಡಿ ಓಡಿದ ಎಮ್ಮೆ

ಊರೂರು ತಿರುಗಿ ಹಾಸ್ಯ ಭಾಷಣ ಮಾಡುವುದು ನನ್ನ ಕೆಲಸ. ಚಿಕ್ಕೇರೂರಿನ ಮಹಿಳಾ ಸಂಘದ ಕಾರ್ಯಕ್ರಮದಲ್ಲಿ, ಇಪ್ಪತ್ತು ವರ್ಷ ಕೈಕೊಡದ ನನ್ನ ಜೋಕು ಬಿಟ್ಟೆ: "ನನ್ನ ಹೆಂಡ್ತಿ ಬಡದ ರೊಟ್ಟಿ ನೋಡಿದ್ರ ನಮ್ಮ ಎಮ್ಮಿ ಹಗ್ಗ ಹರಕೊಂಡು ಓಡ್ತೈತ್ರಿ!"

ಯಾರೂ ನಗಲಿಲ್ಲ. ಸಿಟ್ಟಿಗೂ ಏಳಲಿಲ್ಲ, ಸುಮ್ಮನೆ ನೋಡಿದರು. ಈಗಿನ ಮಂದಿಗೆ ನಗೋದೇ ಮರೆತುಹೋಗಿದೆ ಎಂದು ಒಳಗೊಳಗೇ ಉರಿದೆ. ಅಷ್ಟರಲ್ಲಿ, ಅಂದಿನ ಊಟಕ್ಕೆ ರೊಟ್ಟಿ ಬಡಿದಿದ್ದ ಹೆಂಗಸೊಬ್ಬಳು ಮುಂದಿನ ಸಾಲಿನಿಂದ ಎದ್ದು ಕೇಳಿದಳು:

"ಸರ, ಈ ಜೋಕ್ ನಿಮ್ಮ ಮನ್ಯಾಗ ಹೇಳೀರೇನ್ರಿ?"

"ಇಲ್ರಿ."

"ಯಾಕ್ರಿ?"

ನನಗೆ ಸುಳ್ಳು ಹೊಳೆಯಲಿಲ್ಲ. "ಹೇಳಿದ್ರ ಎಮ್ಮಿ ಹಿಂದ ನಾನೂ ಓಡಬೇಕಾಗ್ತೈತ್ರಿ."

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಕೆಯೂ ನಗುತ್ತಲೇ, "ಇದು ಚಲೋ ಐತ್ರಿ. ಇನ್ಮ್ಯಾಗ ಇದನ್ನ ಹೇಳ್ರಿ" ಎಂದು ಕುಳಿತಳು. ಅಷ್ಟು ಮೆತ್ತಗೆ ಕಿವಿ ಹಿಂಡಿದವರನ್ನು ನಾನು ಕಂಡಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಜೋಕಿಗೆ ಆಕೆ ನಕ್ಕದ್ದು ಅದೇ ಮೊದಲು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

"ಅಲ್ರೀ, ನಮ್ಮ ಮನ್ಯಾಗ ಎಮ್ಮಿ ಯಾವಾಗ ಇತ್ರಿ?"