ಮರುಪಟ್ಟಿನ ಪುಟ

ಆಗ್ಸ್‌ಬರ್ಗಿನ ಚಿತ್ರಗಾರ ಎಂಡ್ರೆಸ್ ಕೆಟ್ಟವನಲ್ಲ. ಬಾಯಿ ಭದ್ರ, ಕೈ ಮಾತ್ರ ಭದ್ರವಿರಲಿಲ್ಲ. ಯಾರಾದರೂ ಕೆಣಕಿದರೆ ಸಾಕು, ಗೀಚಿಯೇ ತೋರಿಸಬೇಕು. ಹಾಳು ಚಟ!

ಕತ್ತಿವರಸೆಯ ಗುರು ಯೋಸ್ ತನ್ನ ಪುಸ್ತಕಕ್ಕೆ ಇವನಿಂದಲೇ ಚಿತ್ರ ಬರೆಸುತ್ತಿದ್ದ. ಒಂದು ಪುಟದಲ್ಲಿ ಪಟ್ಟು, ಮಗುಚಿದರೆ ಅದನ್ನು ಮುರಿಯುವ ಮರುಪಟ್ಟು. ಆಗಲೇ ಚರ್ಮ ಹದಮಾಡುವ ಸೈಫ್ರಿಡ್ ಮೇಲೆ ಕೊಲೆಯ ಅಪವಾದ ಬಂತು. ಆಗಿನ ಕಾನೂನಿನಂತೆ, ದೂರುಗಾರನೊಡನೆ ಕತ್ತಿ ಹಿಡಿದು ಕಣಕ್ಕಿಳಿದು ಗೆದ್ದರೆ ನಿರಪರಾಧಿ, ಸತ್ತರೆ ಕೊಲೆಗಾರ. ಯೋಸ್ ಬಾಗಿಲು ಮುಚ್ಚಿ ಅವನಿಗೊಂದು ಪಟ್ಟು ಕಲಿಸಿದ. ಎಂಡ್ರೆಸ್ ಮೂಲೆಯಲ್ಲಿ ಕೂತು, ಗೆಲ್ಲುವವನಿಗೆ ಸೈಫ್ರಿಡ್‌ನ ಮುಖವನ್ನೇ ಇಟ್ಟು ಅದನ್ನು ಬರೆದ. ಮೊಂಡು ಮೂಗು, ಹುಬ್ಬಿನ ಗಾಯ, ಎಲ್ಲ ಅವನದೇ.

"ಇದು ಈ ಕೋಣೆ ದಾಟಬಾರ್ದು ಕಣಯ್ಯಾ," ಎಂದ ಯೋಸ್.

"ನನ್ನ ಬಾಯಿಂದ ಒಂದ್ ಮಾತು ಹೊರಟ್ರೆ ಕೇಳಿ!"

ಮಾತು ಹೊರಡಲಿಲ್ಲ, ನಿಜ. ಬಿಯರಿನಂಗಡಿಯಲ್ಲಿ ಒಬ್ಬ, "ನೀನು ಬರೆಯೋ ಮನುಷ್ರು ಹಿಟ್ಟಿನ ಮೂಟೆ ಇದ್ದಂಗಿರ್ತಾರಲ್ಲೋ!" ಎಂದು ನಕ್ಕ. ಎಂಡ್ರೆಸನಿಗೆ ಉರಿದುಹೋಯಿತು. ಬಿಯರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಅದೇ ಪಟ್ಟನ್ನು ಬರೆದೇಬಿಟ್ಟ. ಎಲ್ಲರೂ ಭೇಷ್ ಎಂದರು. ಆ ನಕ್ಕವನು ದೂರುಗಾರನ ಭಾವಮೈದುನನೆಂದು ತಿಳಿದದ್ದು ಕಣದ ಬೇಲಿಯ ಬಳಿ, ಹೊತ್ತು ಮೀರಿದ ಮೇಲೆ.

ಸೈಫ್ರಿಡ್ ಪಟ್ಟು ಹಾಕಿದ. ಎದುರಾಳಿ ಅದಕ್ಕೇ ಕಾದಿದ್ದ. ಮುರಿದು ಎದೆಗೆ ಕತ್ತಿ ಇಳಿಸಿದ. ಕೊಲೆಗಾರನೆಂದು ಸೈಫ್ರಿಡ್‌ಗೆ ಚರ್ಚಿನ ಅಂಗಳದಲ್ಲಿ ಮಣ್ಣೂ ಸಿಗಲಿಲ್ಲ. ಗುರುವಿಗೋ ಪುಸ್ತಕ ಪೂರ್ತಿಯಾಗಬೇಕು. ಆ ಮರುಪಟ್ಟನ್ನೂ ಹಾಳೆಯ ಹಿಂಬದಿಗೆ, ಸೋಲುವವನಿಗೆ ಅದೇ ಮುಖವಿಟ್ಟು ಬರೆಸಿದ. ಗುರು ತೀರಿಕೊಂಡ ಮೇಲೆ ಪುಸ್ತಕ ಎಂಡ್ರೆಸನಲ್ಲೇ ಉಳಿಯಿತು.

ಸತ್ತವರ ಹಬ್ಬದಂದು ಊರೆಲ್ಲ ಗೋರಿಗಳಿಗೆ ಹೋದರೆ, ಸೈಫ್ರಿಡ್‌ನ ವಿಧವೆ ಅಪೊಲೋನಿಯಾ ಆ ಪುಸ್ತಕದಲ್ಲಿ ಗಂಡ ಗೆಲ್ಲುವ ಪುಟ ನೋಡಲು ಬರುತ್ತಿದ್ದಳು, ಜಡೆಯಂತೆ ಹೆಣೆದ ಹಬ್ಬದ ಬ್ರೆಡ್ಡು ಹಿಡಿದು.

"ತಿನ್ನಣ್ಣಾ, ಅವರ ಆತ್ಮಕ್ಕೊಂದು ಪ್ರಾರ್ಥನೆ ಹೇಳು. ನನ್ನ ಗಂಡನ್ನ ಗೆಲ್ಸಿದೋನು ನೀನೊಬ್ನೇ."

ಅವಳು ಮಗುಚದಂತೆ ಎಂಡ್ರೆಸ್ ಹಾಳೆಯ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದಿರುತ್ತಿದ್ದ. ಇನ್ನೊಂದು ಕೈಯಿಂದ ಬ್ರೆಡ್ಡು ಮುರಿದು ತಿನ್ನುತ್ತಿದ್ದ. ಈ ವರ್ಷ ಹೇಳಿಬಿಡೋಣ ಎಂದುಕೊಳ್ಳುವನು, ಹೇಡಿ, ಮುಂದಿನ ವರ್ಷಕ್ಕೆ ತಳ್ಳುವನು.

ಒಮ್ಮೆ ತುತ್ತು ನೆತ್ತಿಗೇರಿತು. ಕೆಮ್ಮುತ್ತ ಕೈ ಎತ್ತಿದ. ಅಪೊಲೋನಿಯಾ ಹಾಳೆ ಮಗುಚಿದಳು. ಅಲ್ಲೂ ಅದೇ ಮುಖ, ಎದುರಾಳಿಯ ಕತ್ತಿಯ ಕೆಳಗೆ.

"ಇದಕ್ಕೆ ಮರುಪಟ್ಟು ಇತ್ತಾ? ಗುರುಗಳು ಬಾಗ್ಲು ಹಾಕ್ಕೊಂಡು ಕಲ್ಸಿದ್ದಲ್ವಾ? ಆ ದೂರುಗಾರ್ನಿಗೆ ಹೆಂಗೆ ಮೊದ್ಲೇ ಗೊತ್ತಾಯ್ತು?"

"ನನ್ನಿಂದ್ಲೇ ತಾಯಿ," ಎಂದ ಎಂಡ್ರೆಸ್. "ಬಿಯರಂಗಡಿ ಮೇಜಿನ ಮೇಲೆ ಬರ್ದು ತೋರಿಸ್ದೆ. ಭೇಷ್ ಅನ್ನಿಸ್ಕೊಳ್ಳೋಕೆ."

ಅವಳು ಹಾಳೆಯನ್ನು ಮತ್ತೆ ಗಂಡ ಗೆದ್ದ ಪುಟಕ್ಕೆ ಮಗುಚಿದಳು.

"ಗೊತ್ತಿದ್ದೂ ಇಷ್ಟು ವರ್ಷ ತಿಂದ್ಯಲ್ಲಣ್ಣಾ," ಎಂದಳು. ಅವನು ಕಚ್ಚಿಟ್ಟಿದ್ದ ತುಂಡನ್ನೂ ಬಿಡದೆ ಬುಟ್ಟಿಗೆ ಹಾಕಿಕೊಂಡು ಹೊರಟುಹೋದಳು.