ಮೈಕಣ್ಣನ ದನಿ ಇದ್ದ ಪೆಟ್ಟಿಗೆ

ಬೀದಿಯಲ್ಲಿ ನಮ್ಮನೆಯವರಿಗೆ ಮೈಕಣ್ಣ ಅಂತಲೇ ಹೆಸರು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವ ಪ್ಲಾಟ್‌ಫಾರಂಗೆ ಬಂದಿದೆ ಅಂತ ಮೈಕಿನಲ್ಲಿ ಹೇಳುವುದು ಅವರ ಕೆಲಸ. ಅಲ್ಲಿ ಪ್ರತಿಯೊಂದನ್ನೂ ಎರಡು ಸಲ ಹೇಳಬೇಕು. ಹೇಳಿ ಹೇಳಿ ಅದೇ ಚಟ ಮನೆಗೂ ಬಂತು. "ಸ್ನಾನಕ್ಕೆ ಹೋಗ್ತಿದ್ದೀನಿ, ಸ್ನಾನಕ್ಕೆ ಹೋಗ್ತಿದ್ದೀನಿ." ಹೊಸದಾಗಿ ಮದುವೆಯಾದವಳಿಗೆ ಮೈ ಉರಿಯದೆ ಇರುತ್ತದೆಯೇ? "ಹೋಗ್ರೀ ಮಾರಾಯರೇ, ನಾನೇನು ಬಸ್ಸಿಗೆ ಕಾಯ್ತಿದ್ದೀನಾ?" ಅಂತ ರೇಗುತ್ತಿದ್ದೆ. ಆದರೆ ದನಿ ಮಾತ್ರ ಎಂಥದ್ದು! ನನ್ನ ಬಾಯಿಂದ ಹೊಗಳಿಕೆ ಬರುವುದು ಅಪರೂಪ, ಆದರೂ ಹೇಳುತ್ತೇನೆ, ಆ ದನಿ ಕೇಳಿದರೆ ತಪ್ಪಿದ ಬಸ್ಸಿನ ಬೇಜಾರೂ ಅರ್ಧ ಇಳಿಯುತ್ತಿತ್ತು.

ಆ ಗಂಟಲಿಗೇ ಕಾಯಿಲೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ ಅಂದರು ಡಾಕ್ಟರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವರು ಅಳಲಿಲ್ಲ. "ಅಮ್ಮನಿಗೆ ಏನು ಹೇಳೋದು, ಅಮ್ಮನಿಗೆ ಏನು ಹೇಳೋದು" ಅಂದರು, ಎರಡು ಸಲ.

ಚಿಂತೆ ಸುಮ್ಮನೆ ಅಲ್ಲ. ನಮ್ಮ ಮಾವನವರು ಇದೇ ಗಂಟಲ ಕಾಯಿಲೆಯಲ್ಲಿ ಹೋದವರು. ಅತ್ತೆಗೆ ಆಗಿನಿಂದಲೂ ಗಂಟಲು ಅಂದರೆ ಸಾಕು, ಕೈಕಾಲು ತಣ್ಣಗಾಗುತ್ತದೆ. ಮೇಲೆ ಸಕ್ಕರೆ ಕಾಯಿಲೆ ಬೇರೆ. ಅದು ಮೊದಲು ಅವರ ಕಣ್ಣು ತಿಂದಿತು, ಆಮೇಲೆ ಬೆರಳುಗಳನ್ನು ಮರಗಟ್ಟಿಸಿತು. ಬಿಸಿ ಲೋಟ ಹಿಡಿದರೂ ಅವರಿಗೆ ಗೊತ್ತಾಗುವುದಿಲ್ಲ. ಹಾಸಿಗೆ ಹಿಡಿದ ಮುದುಕಿಗೆ ಉಳಿದದ್ದು ಕಿವಿಯೊಂದೇ, ಅದು ಮಾತ್ರ ಬಲು ಚುರುಕು. ನಾನು ಅಡುಗೆಮನೆಯಲ್ಲಿ ಗೊಣಗಿದ್ದಕ್ಕೆ ಅವರು ಮಂಚದಿಂದ ಉತ್ತರ ಕೊಡುತ್ತಿದ್ದರು. ಊಟಕ್ಕಂತೂ ಮಗನೇ ಕರೆಯಬೇಕು. ನಾನು ಕರೆದರೆ "ಆಮೇಲೆ", ನಾದಿನಿ ಕರೆದರೆ "ಹಸಿವಿಲ್ಲ". ಮಗ "ಅಮ್ಮಾ, ಊಟ" ಅಂದ ಕೂಡಲೇ ಬಾಯಿ ತೆರೆಯುತ್ತಿತ್ತು.

ಹಾಗಾಗಿ ಆಪರೇಷನ್‌ಗೆ ಮೊದಲು ಒಂದು ಉಪಾಯ ಮಾಡಿದೆವು. ನಿಲ್ದಾಣದ ಟಿಕೆಟ್ ಕೌಂಟರಿನ ಹುಡುಗಿ ಮನೆಗೆ ಬಂದು, ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಅವರ ಮಾತುಗಳನ್ನು ರೆಕಾರ್ಡ್ ಮಾಡಿಕೊಟ್ಟಳು. ಕೀಬೋರ್ಡಿನ ಒಂದೊಂದು ಗುಂಡಿಗೆ ಒಂದೊಂದು ಮಾತು. "ಅಮ್ಮಾ, ಊಟ." "ಇನ್ನೊಂದು ತುತ್ತು, ಇನ್ನೊಂದು ತುತ್ತು." "ಮಾತ್ರೆ ನುಂಗಮ್ಮ." "ಹೌದಮ್ಮ." "ನಾಳೆ ನೋಡೋಣ." "ನೆಗಡಿ ಆಗಿದೆಯಮ್ಮ, ಹೆಚ್ಚು ಮಾತಾಡೋಕಾಗಲ್ಲ." ನನಗೋಸ್ಕರ ಒಂದು ಮಾತನ್ನೂ ರೆಕಾರ್ಡ್ ಮಾಡಲಿಲ್ಲ ಆ ಮಹರಾಯರು. ಕೇಳಿದರೆ, "ನಿನಗೆ ಕಣ್ಣಿದೆಯಲ್ಲೇ, ಸನ್ನೆ ಮಾಡ್ತೀನಿ" ಅಂದರು. ಮೊಬೈಲಿನಲ್ಲಿ ಕೇಳಿಸಿ ನೋಡಿದಾಗ ಅತ್ತೆ, "ಯಾಕೋ ಫೋನಲ್ಲಿ ಮಾತಾಡ್ತಿದ್ದೀಯ, ಎಲ್ಲಿದ್ದೀಯ?" ಅಂತ ಗಾಬರಿಯಾದರು. ಮೊಬೈಲಿನದನ್ನು ಅಳಿಸಿ, ಕಂಪ್ಯೂಟರಿಗೆ ದೊಡ್ಡ ಸ್ಪೀಕರ್ ಹಾಕಿ, ಅವರ ಮಂಚದ ಪಕ್ಕದ ಬಾಗಿಲ ಹತ್ತಿರ ಮೇಜು ಎಳೆದಿಟ್ಟೆವು. ಅಲ್ಲಿಂದ ಬಂದ ದನಿ ಕೋಣೆ ತುಂಬಿತು. "ಬಂದ್ಯೇನೋ" ಅಂದರು ಅತ್ತೆ. ಗೆದ್ದೆವು ಅಂದುಕೊಂಡೆವು. ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಿ ಅಂತ ಆ ಹುಡುಗಿ ಹೇಳಿದ್ದಳು. ಆಯ್ತು ಅಂದೆವು, ಆಯ್ತು ಅಂದದ್ದು ಅಲ್ಲಿಗೇ ನಿಂತಿತು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು ಸಂಸಾರ. ನಮ್ಮನೆಯವರು, ಉಸಿರಾಡಲು ಡಾಕ್ಟರು ಮಾಡಿದ್ದ ಕತ್ತಿನ ತೂತಿನ ಮೇಲೆ ತೆಳ್ಳನೆ ಬಟ್ಟೆ ಕಟ್ಟಿಕೊಂಡು, ಗುಂಡಿ ಒತ್ತಿ, ನಾಲ್ಕು ಹೆಜ್ಜೆ ಓಡಿ ಬಂದು ಚಮಚ ಹಿಡಿಯುತ್ತಿದ್ದರು. ಮನೆಯಲ್ಲಿ ಒಂದೇ ಕಟ್ಟುಪಾಡು: ಆಪರೇಷನ್ ವಿಷಯ ಅತ್ತೆಯ ಕಿವಿಗೆ ಬೀಳುವ ಹಾಗೆ ಯಾರೂ ಎತ್ತಕೂಡದು. ಬಂದ ನೆಂಟರಿಗೆಲ್ಲ ಬಾಗಿಲಲ್ಲೇ ಬಾಯಿಗೆ ಬೀಗ ಹಾಕಿ ಒಳಗೆ ಬಿಡುತ್ತಿದ್ದೆ. ಅತ್ತೆ ಮಾತ್ರ ನನ್ನ ಮೇಲೆ ಹರಿಹಾಯುತ್ತಿದ್ದರು. "ಏನು ಕೇಳಿದರೂ ಹೌದಮ್ಮ, ನಾಳೆ ನೋಡೋಣ. ನೀನೇ ಹಿಂಗೆ ಮಾಡಿದ್ದು ನನ್ನ ಮಗನ್ನ. ಹುಲಿ ಹಾಗಿದ್ದೋನು!" ನಾನು ನಗುತ್ತಿದ್ದೆ. ನಮ್ಮನೆಯವರು ಹೊರಗೆ ಹೋದಾಗ, ಅತ್ತೆ ನಿದ್ದೆಯಲ್ಲಿದ್ದರೆ, ಸ್ಪೀಕರ್ ಸಣ್ಣಗೆ ಮಾಡಿ ನಾನೂ ಒಂದು ಗುಂಡಿ ಒತ್ತಿ ಕೇಳುತ್ತಿದ್ದೆ. ನನ್ನ ಗಂಡನ ದನಿ ತಾನೆ, ನನಗೂ ಆಸೆ ಇರುವುದಿಲ್ಲವೇ?

ಅವತ್ತು ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆಯ ಮೇಲೆ ಬಿಳಿ ಚುಕ್ಕೆಗಳು ಉರುಟಾಗಿ ಸುತ್ತಿದವು. ಇನ್ನೇನು ಬಂತು ಅನ್ನುವಷ್ಟರಲ್ಲಿ ಕಪ್ಪಾಗಿ, ಮತ್ತೆ ಮೊದಲಿನಿಂದ ಶುರು. ನಮ್ಮನೆಯವರು ಪ್ಲಗ್ ಕಿತ್ತು ಹಾಕಿದರು. ಗುಂಡಿಯನ್ನು ಒತ್ತಿ ಹಿಡಿದು ಬಿಟ್ಟರು. ಹಿಂದಿನ ವೈರುಗಳನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿದರು. ಅದು ಮತ್ತೆ ಸುತ್ತಿತು, ಮತ್ತೆ ಕಪ್ಪಾಯಿತು. ಒಳಗಿಂದ ಅತ್ತೆ, "ಯಾಕೋ ಇನ್ನೂ ಕರೀಲಿಲ್ಲ?" ಅಂದರು. "ಸ್ನಾನಕ್ಕೆ ಹೋಗಿದ್ದಾರೆ ಅತ್ತೆ" ಅಂದೆ ನಾನು. ಪಾಪ, ಮನುಷ್ಯ ಅಲ್ಲೇ ಮೇಜಿನ ಕೆಳಗೆ ಮಂಡಿಯೂರಿ ಬೆವರುತ್ತಿದ್ದರು.

ಮಧ್ಯಾಹ್ನ ನಾದಿನಿಯ ಗಂಡ ಬಂದರು. ಅತ್ತೆ ಅವರನ್ನು "ಅಳಿಯಂದಿರು" ಅಂತ ಬಾಯಿತುಂಬ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಬೇರೆ ಕಾರಣಕ್ಕೆ. ಅವರಿಗೆ ಗೊತ್ತಿಲ್ಲದ ವಿದ್ಯೆ ಇಲ್ಲ. "ವೈರ್ ಸಡಿಲ ಆಗಿಲ್ಲ, ಇದು ಲೂಸ್ ಕನೆಕ್ಷನ್" ಅಂದರು. ಅಳಿಯ ಅಲ್ಲ, ಮಗಳ ಗಂಡ! ಪಕ್ಕದ ತಗಡು ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲು ಉಜ್ಜಿದರು. ಹಾಕಿದಾಗ ಅದು ಟೊಂಯ್ ಟೊಂಯ್ ಅಂತ ಅರಚಿಕೊಂಡಿತು. ತಿರುಗಿಸಿ ಹಾಕಿದಾಗ ಅರಚುವುದು ನಿಂತು, ಹಳೆಯ ಚುಕ್ಕೆಗಳೇ ಸುತ್ತಿದವು. ಕೊನೆಗೆ ಅಂಗೈಯಿಂದ ಅದರ ನೆತ್ತಿಗೆ ಎರಡು ಬಾರಿಸಿದರು. "ಅಳಿಯಂದಿರೇ, ಹೊಡೆದರೆ ಏಳೋದಿದ್ದರೆ ನಾನು ಬೆಳಿಗ್ಗೆಯೇ ಎಬ್ಬಿಸ್ತಿದ್ದೆ" ಅಂದೆ. ಅತ್ತೆ ಮಧ್ಯಾಹ್ನವೂ ಊಟ ಮಾಡಲಿಲ್ಲ. ನಮ್ಮನೆಯವರು ಮಾತಿಲ್ಲದೆ ಹೋಗಿ ಚಮಚ ತುಟಿಗೆ ಹಿಡಿದರೆ, ಮುಖ ತಿರುಗಿಸಿ "ಯಾರೋ ಅದು?" ಅಂದರು. ದಿನಾ ತಿನ್ನಿಸುವ ಕೈಯೇ, ಅದೇ ಚಮಚವೇ.

ಮರುದಿನ ರಿಪೇರಿಯವನನ್ನು ಕರೆಸಿದೆವು. ಕೆಲಸ ಬಲ್ಲ ಮನುಷ್ಯ, ಅವನದೇನೂ ತಪ್ಪಿಲ್ಲ. ಯಾವುದೋ ಕೇಬಲ್ ಹಳೆಯದಾಗಿದೆ, ಮೊದಲು ಅದನ್ನು ಬದಲಿಸೋಣ ಅಂತ ನಮ್ಮನೆಯವರನ್ನು ಅಂಗಡಿಗೆ ಕಳಿಸಿದ. ನಾನು ಅತ್ತೆಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದೆ. ಮನೆಯಲ್ಲಿ ಉಳಿದವರು ಅಳಿಯಂದಿರು ಮತ್ತು ಅತ್ತೆ. ಆಮೇಲೆ ನಡೆದದ್ದನ್ನು ಅಳಿಯಂದಿರೇ ತಲೆ ಚಚ್ಚಿಕೊಂಡು ಹೇಳಿದರು.

ಕೇಬಲ್ಲಿಗೆ ಕಾಯದೆ ಇನ್ನೊಂದು ಪರೀಕ್ಷೆ ಮಾಡಿದ ರಿಪೇರಿಯವನು, ತಪ್ಪು ವೈರಿನದಲ್ಲ, ಒಳಗಿನ ಸಾಫ್ಟ್‌ವೇರ್ ಪೂರ್ತಿ ಕೆಟ್ಟಿದೆ ಅಂದನಂತೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. "ಒಳಗೆ ಉಳಿಸಿಕೊಳ್ಳೋದು ಏನಾದರೂ ಇದೆಯಾ ಸಾರ್?" ಅಂತ ಸರಿಯಾಗಿಯೇ ಕೇಳಿದ. ಮಾರು ದೂರದಲ್ಲಿ ಅತ್ತೆ, ಕಿವಿ ನಿಮಿರಿಸಿಕೊಂಡು. ಅಳಿಯಂದಿರು ಏನು ಹೇಳಬೇಕು? ಇದರೊಳಗೆ ನಮ್ಮ ಭಾವಮೈದನ ದನಿ ಇದೆ ಅನ್ನಬೇಕೇ?

"ಇದೆ... ಅಂದರೆ..." ಅಂದರು.

"ಫೋಟೋನಾ?"

"ಫೋಟೋ ಅಲ್ಲ."

"ಆಫೀಸಿನದ್ದಾ?"

"ಅಲ್ಲ, ಅದು..."

ಅಷ್ಟರಲ್ಲಿ ಅತ್ತೆ, "ಏನದು ಅಳಿಯಂದಿರೇ, ಏನಿದೆ ಅಂತ ಕೇಳ್ತಿದ್ದಾನೆ ಆ ಮನುಷ್ಯ? ನನ್ನಿಂದ ಏನು ಮುಚ್ಚಿಡ್ತಿದ್ದೀರಿ?" ಅಂದರಂತೆ. "ಏನಿಲ್ಲ ಅತ್ತೆ, ಏನೇನೂ ಇಲ್ಲ" ಅಂದುಬಿಟ್ಟರು ಅಳಿಯಂದಿರು. ಆಮೇಲೆ ಟೀ ನೆಪದಲ್ಲಿ ಅವನನ್ನು ಹೊರಗೆ ಕರೆದು ಹೇಳೋಣ ಅಂದುಕೊಂಡು ಒಲೆ ಹಚ್ಚಲು ಹೋದರು. ಇವರು ಟೀ ಸೋಸುವಷ್ಟರಲ್ಲಿ ಅವನು ಕೆಲಸ ಶುರು ಮಾಡಿಯಾಗಿತ್ತು. ಲೋಟ ಹಿಡಿದು ಬಂದವರಿಗೆ, "ಆಯ್ತು ಸಾರ್, ಕ್ಲೀನ್ ಮಾಡಿದೆ" ಅಂದ.

ನಾನು ಬಂದಾಗ ಕಂಪ್ಯೂಟರ್ ಎದ್ದು ಕೂತಿತ್ತು. ನೀಲಿ ಪರದೆ ಫಳಫಳ ಹೊಳೆಯುತ್ತಿತ್ತು. ನಮ್ಮನೆಯವರು ಹೊಸ ಕೇಬಲ್ ಹಿಡಿದುಕೊಂಡೇ ಒಂದು ಗುಂಡಿ ಒತ್ತಿದರು. ಇನ್ನೊಂದು ಒತ್ತಿದರು. ಎಲ್ಲ ಗುಂಡಿಗಳನ್ನೂ ಒತ್ತಿದರು. ಅಳಿಯಂದಿರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರಿಗೆ ಬಯ್ಯಬೇಕು ಅಂತ ಬಾಯಿ ತೆರೆದೆ. ಆದರೆ ಅತ್ತೆಯ ಕಿವಿ ಅಲ್ಲೇ ಇತ್ತಲ್ಲ, ಆಡುವ ಹಾಗಿರಲಿಲ್ಲ.

ಬೀದಿಗೆ ಕರೆದೊಯ್ದು ವಿಷಯ ಹೇಳಿದಾಗ ರಿಪೇರಿಯವನ ಮುಖ ಬಿಳಿಚಿಕೊಂಡಿತು. "ಮೊದಲೇ ಒಂದು ಮಾತು ಹೇಳಬಾರದಿತ್ತಾ ಅಮ್ಮಾ?" ಅಂದ. ಪೆಟ್ಟಿಗೆಯನ್ನು ತನ್ನ ಅಂಗಡಿಗೆ ಹೊತ್ತುಕೊಂಡು ಹೋಗಿ, ಅಳಿಸಿದ್ದನ್ನು ಹೆಕ್ಕಲು ಕೂತ. ಮರುದಿನ ಸಂಜೆ ಸಿಕ್ಕಿದ್ದಿಷ್ಟೇ: ಒಂದಷ್ಟು ಕರಕರ ಸದ್ದು, ಮತ್ತು ರೆಕಾರ್ಡ್ ಮಾಡುವಾಗ ನಡುವೆ ಬಂದ ಒಂದು ಕೆಮ್ಮು. ಆ ಕೆಮ್ಮು ಮಾತ್ರ ಸ್ಪಷ್ಟವಾಗಿತ್ತು. ನಾಚಿಕೆ ಬಿಟ್ಟು ಅದನ್ನೇ ಅತ್ತೆಗೆ ಕೇಳಿಸಿದೆವು. "ಪಕ್ಕದ ಮನೆಯವನಿಗೆ ಶೀತವಾ?" ಅಂದರು. ನಿಲ್ದಾಣದಲ್ಲಿ ಕೇಳಿದೆವು, ಅಲ್ಲಿ ಯಾವತ್ತೂ ಯಾರೂ ಅವರ ಮಾತನ್ನು ಹಿಡಿದಿಟ್ಟಿರಲಿಲ್ಲ. ದಿನಾ ಕೇಳುವುದನ್ನು ಯಾರು ಹಿಡಿದಿಡುತ್ತಾರೆ?

ಅತ್ತೆ ನೀರು ಮಾತ್ರ ಗುಟುಕರಿಸುತ್ತಿದ್ದರು. ಹೀಗೇ ಬಿಟ್ಟರೆ ಉಳಿಯುವುದಿಲ್ಲ, ಆಸ್ಪತ್ರೆಗೆ ಸಾಗಿಸುವ ಶಕ್ತಿಯೂ ಇವರಿಗಿಲ್ಲ ಅಂದರು ನೋಡಲು ಬಂದ ಡಾಕ್ಟರು. ಇನ್ನು ನಿಜ ಹೇಳುವುದೇ ಸರಿ ಅಂತ ನಮ್ಮನೆಯವರು ನನಗೆ ಸನ್ನೆ ಮಾಡಿದರು. ನಾದಿನಿಯನ್ನೂ ಕರೆಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

"ಅತ್ತೆ, ನಿಮ್ಮ ಮಗ ಇಲ್ಲೇ ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ. ಅವರಿಗೆ ಗಂಟಲ ಆಪರೇಷನ್ ಆಗಿದೆ. ಮಾತಾಡೋಕೆ ಆಗಲ್ಲ, ಅಷ್ಟೇ."

"ಯಾವಾಗ ಆಯ್ತು?"

"ಹೋದ ವರ್ಷ."

"ಹೋದ ವರ್ಷ!" ಅತ್ತೆ ನಕ್ಕೇಬಿಟ್ಟರು. "ಯಾರಿಗೆ ಹೇಳ್ತೀಯೇ? ಮೊನ್ನೆ ರಾತ್ರಿ ಊಟಕ್ಕೆ ಕರೆದದ್ದು ಯಾರು? ಇನ್ನೊಂದು ತುತ್ತು ಅಂದದ್ದು ಯಾರು?"

"ಅದು ಕಂಪ್ಯೂಟರ್ ಅತ್ತೆ. ಮೊದಲೇ ಮಾತು ತುಂಬಿಟ್ಟಿದ್ವಿ."

"ನನ್ನ ಮಗನ ದನಿ ನನಗೆ ಗೊತ್ತಿಲ್ವಾ?" ಅಂದರು. ನಗು ಹೋಗಿತ್ತು. ಅಷ್ಟರಲ್ಲಿ ಆ ಮೂಲೆಯಲ್ಲಿದ್ದ ನಾದಿನಿ ತಡೆಯಲಾರದೆ ಬಿಕ್ಕಿದಳು. ಅತ್ತೆಯ ತಲೆ ಆ ಕಡೆ ತಿರುಗಿತು.

"ಅವನಪ್ಪನ ವಿಷಯದಲ್ಲೂ ನೀವೆಲ್ಲ ಹೀಗೇ ಹೇಳಿದ್ರಿ," ಅಂದರು. "ಗಂಟಲ ಆಪರೇಷನ್ ಆಗಿದೆ, ಮಾತಾಡೋಕಾಗಲ್ಲ, ಅಷ್ಟೇ ಅಂದ್ರಿ. ಆಮೇಲೆ ಹೆಣ ತಂದ್ರಿ. ಹೋಗಿಬಿಟ್ಟನಾ ನನ್ನ ಮಗ? ಹೇಳೋಕೆ ನಿಮಗೆ ಬಾಯಿಲ್ವಾ?"

"ಅಯ್ಯೋ, ಇಲ್ಲ ಅತ್ತೆ! ಬಿಡ್ತು ಅನ್ನಿ! ಇಲ್ಲೇ ಇದ್ದಾರೆ, ಮುಟ್ಟಿ ನೋಡಿ" ಅಂತ ನಾನು ಅವರ ಕೈ ಹಿಡಿದು ನಮ್ಮನೆಯವರ ಕೆನ್ನೆಗೆ ಒತ್ತಿದೆ. ಆ ಬೆರಳುಗಳಿಗೆ ಏನು ಗೊತ್ತಾಗಬೇಕು? ಕಲ್ಲು ಸವರಿದ ಹಾಗೆ ಸವರಿ ಕೈ ಕೆಳಗೆ ಬಿಟ್ಟರು. ಆಮೇಲೆ ದೊಡ್ಡ ದನಿ ತೆಗೆದು ಅತ್ತರು. ಮಗ ಅಂಬೆಗಾಲಿಟ್ಟದ್ದು, ಮೊದಲ ಸಂಬಳಕ್ಕೆ ತನಗೆ ಹೊದಿಕೆ ತಂದದ್ದು, ಮಾತೆಲ್ಲ ಎರಡೆರಡು ಸಲ ಹೇಳುತ್ತಿದ್ದದ್ದು, ಒಂದೂ ಬಿಡದೆ ಹೇಳಿಕೊಂಡು ಅತ್ತರು. ಅದನ್ನೆಲ್ಲ ಕೇಳುತ್ತಾ ನಮ್ಮನೆಯವರು ಗಂಜಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಬಾಯಿ ಮಾತ್ರ ಆಡುತ್ತಿತ್ತು. ಅಮ್ಮಾ, ಅಮ್ಮಾ ಅಂತಿತ್ತು. ಕತ್ತಿನ ಬಟ್ಟೆಯೊಳಗಿಂದ ಬುಸ್ ಬುಸ್ ಅಂತ ಗಾಳಿಯಷ್ಟೇ ಬಂತು.

ಅತ್ತು ಅತ್ತು ಅತ್ತೆಗೆ ಸುಸ್ತಾಯಿತು. ನಮ್ಮನೆಯವರು ಬಗ್ಗಿ ಅವರ ಕಣ್ಣು ಒರೆಸಿದರು, ಕೆದರಿದ ಕೂದಲು ಸರಿ ಮಾಡಿದರು, ಒಂದು ಚಮಚ ಗಂಜಿ ತುಟಿಗೆ ಹಿಡಿದರು. ಅತ್ತೆ ಈ ಸಲ ಮುಖ ತಿರುಗಿಸಲಿಲ್ಲ. ತಿನ್ನಲೂ ಇಲ್ಲ. ಚಮಚ ಹಿಡಿದ ಆ ಕೈಯನ್ನು ತಡವಿ ಹುಡುಕಿ, ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡು, "ಪುಣ್ಯಾತ್ಮ, ಯಾವಾಗಿಂದ ಕೂತಿದ್ದೀಯ," ಅಂದರು. "ನೀನು ಯಾರ ಮಗನಪ್ಪಾ?"