ಖುದ್ದು ಜಾರಿ

ಬಾಗಿಲಿಗೆ ಅಂಟಿಸುವ ಸಮನ್ಸಿಗೆ ಎಷ್ಟು ಗೋಂದು ಹಚ್ಚಬೇಕೆಂದು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುವುದಿಲ್ಲ. ಉಳಿದದ್ದನ್ನೆಲ್ಲ ಹೇಳುತ್ತದೆ: ಕಾಗದವನ್ನು ಪ್ರತಿವಾದಿಯ ಕೈಗೇ ಕೊಡಬೇಕು, ಅವನು ಸಿಗದಿದ್ದರೆ ಮನೆಯ ವಯಸ್ಕರಿಗೆ, ಅದೂ ಆಗದಿದ್ದರೆ ಹೊರಬಾಗಿಲಿಗೆ ಅಂಟಿಸಬೇಕು. ಜನರೊಡನೆ ಮಾತನಾಡದೆಯೇ ಅವರನ್ನು ಮುಟ್ಟುವ ಈ ವಿದ್ಯೆ, ಅಪರಿಚಿತರ ಹೊಸ್ತಿಲಲ್ಲಿ ನಾಲಿಗೆ ಒಣಗಿಸಿಕೊಳ್ಳುವ ನನ್ನಂಥವಳಿಗೆ ಹೇಳಿಮಾಡಿಸಿದ್ದೆಂದು ಕಾಲೇಜಿನ ದಿನಗಳಲ್ಲಿ ನಂಬಿದ್ದೆ.

ಆದೋನಿಯಲ್ಲಿ ಕಿರಿಯ ವಕೀಲಳಾದ ಮೇಲೆ ಆ ನಂಬಿಕೆ ಬಿಡಿಸಿದವರು ನನ್ನ ಕಕ್ಷಿದಾರೆ ಈರಮ್ಮ. ಹೊಳಗುಂದದ ಕಡೆಯ ಹಳ್ಳಿಯಿಂದ ಆದೋನಿಗೆ ಮದುವೆಯಾಗಿ ಬಂದ ಅವರು, ಅಪ್ಪನ ಹೊಲದಲ್ಲಿ ಪಾಲು ಕೇಳಿ ತಮ್ಮ ಬೀರಪ್ಪನ ಮೇಲೆ ದಾವೆ ಹಾಕಿದ್ದರು. ಸಮನ್ಸು ಜಾರಿ ಮಾಡುವ ಅಮೀನ ಹುಸೇನಪ್ಪನವರು ಎರಡು ಸಲ ಹೋದಾಗಲೂ ಬೀರಪ್ಪ ಕುರಿಗಳ ಹಿಂದೆ ಮಾಯವಾಗಿದ್ದ, ಅವನ ಹೆಂಡತಿ ಕಾಗದ ಮುಟ್ಟಿರಲಿಲ್ಲ. "ಈ ಸಲವೂ ಸಿಗದಿದ್ದರೆ ಬಾಗಿಲಿಗೆ ಅಂಟಿಸುತ್ತಾರೆ" ಎಂದು ನಾನು ಸಮಾಧಾನ ಹೇಳಿದೆ. ಈರಮ್ಮ ಎದ್ದೇಬಿಟ್ಟರು.

"ನಮ್ಮಪ್ಪನ ಬಾಗಿಲಿಗೆ ಕಾಗದ ಹಚ್ಚಬ್ಯಾಡವ್ವಾ! ಊರೆಲ್ಲಾ ಓದತೈತಿ. ನನಗ ಪಾಲೂ ಬೇಕು, ತವರೂ ಬೇಕು. ಅವನ ಕೈಯಾಗ ಕೊಡಸು. ನಾನೂ ಬರ್ತೀನಿ, ನೀನೂ ಬಾ."

ಪ್ರತಿವಾದಿಯನ್ನು ಗುರುತಿಸಲು ವಾದಿ ಜೊತೆಗೆ ಹೋಗಬಹುದು. ವಾದಿಯ ವಕೀಲೆ ತಪ್ಪಿಸಿಕೊಳ್ಳಲು ಮಾತ್ರ ಯಾವ ನಿಯಮವೂ ಸಿಗಲಿಲ್ಲ.

ಹುಸೇನಪ್ಪನವರೊಡನೆ ನಾವು ಹೋದ ಆಟೋ ಕಂಡದ್ದೇ ಬೀರಪ್ಪ ಕುರಿಹಟ್ಟಿಯೊಳಗೆ ಬಗ್ಗಿ ಅಡಗಿದ. ಈರಮ್ಮ ಬೇಲಿಯ ಹತ್ತಿರ ನಿಂತು ಕೂಗಿದರು: "ಏ ಬೀರಾ, ಅಕ್ಕ ಬಂದೀನಿ. ಒಂದು ತಂಬಿಗಿ ನೀರು ಇಲ್ಲೇನು ನಿನ್ನ ಮನ್ಯಾಗ?"

ಆ ಮಾತಿಗೆ ಅಡಗಿ ಕೂರುವ ತಮ್ಮ ಆ ಸೀಮೆಯಲ್ಲಿ ಹುಟ್ಟಿಲ್ಲ. ಎದ್ದು ಬಂದ. "ಕೋರ್ಟಿನ ಮಂದೀನ ಕರಕೊಂಡು ಬಂದೀ ಏನಕ್ಕಾ?"

"ಕರಕೊಂಡು ಬರದಿದ್ರ ನೀ ಕುರಿಯಾಗ ಕುರಿ ಆಗಿ ಕುಂದರ್ತಿದ್ದಿ."

ಹುಸೇನಪ್ಪನವರು ಕಾಗದ ಚಾಚಿದರು. ಬೀರಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. "ತಗೊಂಡ್ರ ನಾ ಸೋತಂಗಲ್ಲೇನ್ರಿ?" ಅಷ್ಟೂ ದಿನದ ಓಟಕ್ಕೆ ಕಾರಣ ಅಷ್ಟೇ. ತೆಗೆದುಕೊಳ್ಳುವುದೆಂದರೆ ವಿಷಯ ತಿಳಿಯಿತು ಎಂದು ಮಾತ್ರ, ನಿನ್ನ ಮಾತನ್ನೂ ನ್ಯಾಯಾಧೀಶರು ಕೇಳುತ್ತಾರೆ ಎಂದು ನಾನು ಹೇಳಿದೆ. ಹೊಸ್ತಿಲಲ್ಲಿ ನಿಂತು ನಾನಾಡಿದ ಅತಿ ದೀರ್ಘ ವಾಕ್ಯ ಅದು. ಅವನು ಅಕ್ಕನ ಮುಖ ನೋಡಿ ಸಹಿ ಹಾಕಿದ.

ಕೆಲಸ ಮುಗಿಯಿತೆಂದು ನಾನು ಆಟೋದತ್ತ ಹೊರಟೆ. ಈರಮ್ಮ ಮಾತ್ರ ಕದಲಲಿಲ್ಲ. ತವರಿಗೆ ಬಂದ ಹೆಣ್ಣನ್ನು ಉಡಿ ತುಂಬದೆ ಕಳಿಸಿದರೆ ಮತ್ತೆ ಬರಬೇಡ ಎಂದಂತೆ. ಅವರು ಕೇಳಲಾರರು, ಕೇಳಿದರೆ ಅದು ಉಡಿಯಲ್ಲ.

ಬೀರಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟು ಒಳಗಿದ್ದ ಹೆಂಡತಿಯತ್ತ ಗದರಿದ: "ಏನು ನೋಡ್ಕೊಂತ ನಿಂತೀದಿ? ಅಕ್ಕ ಬರೀ ಉಡೀಲೆ ಹೋಗ್ಬೇಕೇನು? ಜೋಳ ತಾ!"

ಈರಮ್ಮನ ಸೆರಗು ತುಂಬ ಬಿಳಿಜೋಳ ಸುರಿಯಿತು. "ಅದೇ ಹೊಲದ್ದು" ಎಂದ ಬೀರಪ್ಪ, ಕಳ್ಳನಗೆಯಲ್ಲಿ.

ಈರಮ್ಮ ಕಣ್ಣೊರೆಸಿಕೊಂಡು ನಕ್ಕರು. "ಇದನ್ನ ಪಾಲಿನಾಗ ಹಿಡೀಬ್ಯಾಡ ಮತ್ತ. ಇದು ತವರಿಂದು."

"ಸರೇ, ಇದನ್ನ ರಿಪೋರ್ಟಿನಾಗ ಎಲ್ಲಿ ಬರೀಲಮ್ಮಾ?" ಎಂದರು ಹುಸೇನಪ್ಪನವರು. ಅದಕ್ಕೊಂದು ಕಾಲಂ ಇರಲಿಲ್ಲ.

ಅಷ್ಟರಲ್ಲಿ ಬೀರಪ್ಪನ ಹೆಂಡತಿ ಕುಂಕುಮದ ಬಟ್ಟಲು, ಬೊಗಸೆ ಜೋಳ ಹಿಡಿದು ನನ್ನೆದುರು ನಿಂತಳು. ಎದುರು ಪಕ್ಷದ ಮನೆಯದು, ಬೇಡವೆನ್ನಬೇಕು. ಆದರೆ ಸಮನ್ಸನ್ನು ಬೇಡವೆಂದು ನಿರಾಕರಿಸಿದರೂ ತಲುಪಿದಂತೆಯೇ ಎನ್ನುವುದು ನಮ್ಮ ಕಾನೂನು. ನಾನು ಸೆರಗು ಒಡ್ಡಿದೆ.